ಎಪ್ಪತ್ತೊಂದು ಸೆಂಟಿಮೀಟರ್

ಮೊದಲ ತಕರಾರು ಇದು:
ಮೇಜು ಮಾಡಲು ಒಂದು ಮೇಜು ಬೇಕು.
ಹಲಗೆ ಕೊಯ್ಯಲು ಊರುವ ಜಾಗವಿಲ್ಲ,
ಊರುವ ಜಾಗಕ್ಕೆ ಹಲಗೆ ಕೊಯ್ದಿಲ್ಲ.
ಲಾನ್ಸೆಸ್ಟನ್ನಿನ ಜೂನ್ ತಿಂಗಳು, ಗ್ಯಾರೇಜಿನ ತಗಡಿನ ಮೇಲೆ
ಹೆಪ್ಪುಗಟ್ಟಿದ ಇಬ್ಬನಿ ಕರಗಿ ತೊಟ್ಟಿಕ್ಕುವ ಹೊತ್ತು,
ಎರಡು ಹಾಲಿನ ಕ್ರೇಟು, ಮೇಲೊಂದು ಹಳೆಯ ಬಾಗಿಲು,
ಬಾಗಿಲ ಮೇಲೆ ಮೊಣಕಾಲೂರಿ
ಹೊಸ ಮೇಜಿನ ಮೊದಲ ಕಾಲು ಕೊಯ್ದೆ.
ಓರೆಯಾಯಿತು. ಇರಲಿ,
ಅದೀಗ ಗಾಳಿಗೆ ಬಡಿಯುವ ಬಾಗಿಲಿಗೆ ಒತ್ತು.

ಹಲಗೆ ಬಂದದ್ದು ಹೊಳೆಯಾಚೆಯ ಶಾಲೆಯವರು ಕೆಡವಿದ
ಆಟದ ಅಂಗಳದ ನೆಲದಿಂದ. ಟ್ಯಾಸ್ಮೇನಿಯನ್ ಓಕು.
ಬೆನ್ನಲ್ಲಿ ಮೊಳೆ, ಸಂದಿಯಲ್ಲಿ ಮೂವತ್ತು ವರ್ಷದ ಮೇಣ,
ಮುಖದ ಮೇಲೆ ನೆಟ್‌ಬಾಲಿನ ನೀಲಿ ಗೆರೆ.
ಮೊಳೆ ಕೀಳಲು ಮೂರು ಶನಿವಾರ,
ಒಂದೊಂದೂ ದವಡೆಹಲ್ಲಿನಂತೆ ಕಿರುಗುಟ್ಟಿ ಬಂತು.
ಅಂಟು ಸವರಿ, ಒತ್ತೊತ್ತಾಗಿ ನಿಲ್ಲಿಸಿ, ಕ್ಲ್ಯಾಂಪು ಬಿಗಿದು,
ಬೆಳಗ್ಗೆ ಬಿಚ್ಚಿದರೆ
ಗೆರೆ ಚೂರುಚೂರಾಗಿ ಎಲ್ಲೆಲ್ಲೋ ಕೂತಿದೆ:
ಇಲ್ಲೊಂದು ಅರೆವೃತ್ತದ ಮೊಣಕೈ, ಅಲ್ಲೊಂದು ಮೂಲೆ,
ದಾಟಿದರೆ ಸೀಟಿ ಊದುವವರಿಲ್ಲದ ಅಂಕಣ.
ಕೀಸುಳಿ ಹಿಡಿದು ಸಮ ಮಾಡಿದೆ.
ನೀಲಿ ಬರುವಲ್ಲಿ ಕೈ ಹಗುರ ಮಾಡಿದೆ.

ಪಕ್ಕದ ಮನೆಯ ಡೆನ್ಜಿಲ್,
ರೈಲಿನ ಡಬ್ಬಿ ರಿಪೇರಿ ಮಾಡಿ ನಿವೃತ್ತನಾದವನು, ಆರಡಿ ಮೂರಂಗುಲ,
ಬೇಲಿಯ ಮೇಲಿಂದಲೇ ಎಲ್ಲ ಕಾಣುತ್ತದೆ ಅವನಿಗೆ.
"ತೊಂಬತ್ತು ಸೆಂಟಿಮೀಟರ್," ಎಂದ, "ಎಲ್ಲರೂ ಅಷ್ಟೇ ಮಾಡುವುದು."
ಎಲ್ಲರೂ. ಆ ಎಲ್ಲರನ್ನೂ ನಾನು ಬಲ್ಲೆ.
ಹನ್ನೊಂದು ವರ್ಷ, ನಾಲ್ಕು ಬಾಡಿಗೆ ಅಡುಗೆಮನೆ,
ನಾಲ್ಕರಲ್ಲೂ ಕಟ್ಟೆ ನನ್ನ ಮೊಣಕೈಯನ್ನು ಮೇಲೆತ್ತಿ ಹಿಡಿಯುತ್ತಿತ್ತು,
ಪೊಲೀಸರು ಹಿಡಿದ ಹಾಗೆ.
ರೊಟ್ಟಿ ಬಡಿಯಲು ಸ್ಟೂಲು ಹತ್ತಿದವಳು ನಾನು,
ಜೋಳದ ಹಿಟ್ಟಿಗೆ ಭುಜದ ನೋವು ಕಲಸಿದವಳು.

ಕೈ ಇಳಿಬಿಟ್ಟು ಗೋಡೆಗೆ ಒತ್ತಿ ನಿಂತೆ.
ಮಣಿಕಟ್ಟಿನ ಬಳೆ ತಾಗಿದಲ್ಲಿ ಪೆನ್ಸಿಲ್ ಗೀಟು.
ನೆಲದಿಂದ ಎಪ್ಪತ್ತೊಂದು.
ಅಷ್ಟೇ.

ಆದರೆ ನೆಲವೂ ನೆಟ್ಟಗಿಲ್ಲ.
ಕಾರು ತೊಳೆದ ನೀರು ಹೊರಹೋಗಲಿ ಎಂದು
ಕಟ್ಟಿದವನು ಬಾಗಿಲತ್ತ ಇಳಿಜಾರು ಕೊಟ್ಟಿದ್ದಾನೆ.
ರಸಮಟ್ಟದ ಗುಳ್ಳೆ ನಡುವೆ ನಿಲ್ಲುವ ತನಕ
ನಾಲ್ಕು ಕಾಲಿಗೆ ನಾಲ್ಕು ಅಳತೆ.
ಪೆನ್ಸಿಲು ಇಟ್ಟು ನೋಡಿದೆ. ಉರುಳಲಿಲ್ಲ.

ಮೇಜಿನಡಿಗೆ ಪ್ಲೈವುಡ್ಡಿನ ಕಪಾಟು, ಆರು ಡ್ರಾಯರು.
ಮೊದಲನೆಯದು ಎರಡು ಮಿಲಿಮೀಟರ್ ಅಗಲ; ಒಳಗೆ ಹೋಗಲೊಲ್ಲದು.
ಎರಡನೆಯದು ಹೋಯಿತು; ಹೊರಗೆ ಬರಲೊಲ್ಲದು.
ಮೇಣ ಉಜ್ಜಿ ಬೈದ ಮೇಲೆ ಅಷ್ಟಿಷ್ಟು ಒಲಿಯಿತು.
ನಾಲ್ಕನೆಯದರ ಹೊತ್ತಿಗೆ ಕೈಗೆ ಬುದ್ಧಿ ಬಂದಿತ್ತು.
ಚೀಟಿ ಅಂಟಿಸಿದೆ, ದಪ್ಪ ಅಕ್ಷರ:
ಉಳಿ. ಬೈರಿಗೆ. ತಿರುಪು. ಉಪ್ಪುಕಾಗದ. ಮೂಲೆಮಟ್ಟ.
ಆರನೆಯದರಲ್ಲಿ ಇಡಲು ಏನೂ ಉಳಿದಿರಲಿಲ್ಲ.
ಬರೆದೆ: ಸುಮ್ಮನೆ.

ಡೆನ್ಜಿಲ್ ಬಂದ, ಗೋಡೆ ಗಡಿಯಾರದ ಪೆಟ್ಟಿಗೆಗೆ ಹೊಸ ತಳ ಕೂರಿಸಬೇಕಂತೆ.
ಬಗ್ಗಿದ. ಇನ್ನೂ ಬಗ್ಗಿದ. ಸೊಂಟ ಹಿಡಿದು ನೆಟ್ಟಗಾದ.
"ಇದು ಮಕ್ಕಳ ಮೇಜು," ಎಂದ.
ನಾನು ನಗಲಿಲ್ಲ ಅಂದರೆ ಸುಳ್ಳಾಗುತ್ತದೆ.
ಅಡುಗೆಮನೆಯಿಂದ ಆ ಸ್ಟೂಲನ್ನೇ ತಂದು ಕೊಟ್ಟೆ.
ಕೂತ.

ಅವನಿಗೆ ಕನ್ನಡ ಓದಲು ಬಾರದು. ತಿರುಪು ಬೇಕಾದಾಗ
ಮೇಲಿನಿಂದ ಒಂದೊಂದೇ ಎಳೆದು ನೋಡುತ್ತಾನೆ,
ಮುಗಿದ ಮೇಲೆ ಮಿಕ್ಕದ್ದನ್ನೆಲ್ಲ ಆರನೆಯದಕ್ಕೆ ಸುರಿಯುತ್ತಾನೆ.
ನಾನೂ ಹೇಳಿಲ್ಲ.
ಈಗ ಅಲ್ಲಿದೆ: ತುಕ್ಕು ಮೊಳೆ, ಗಡಿಯಾರದ ಕೀಲಿ,
ಅರ್ಧ ಪೊಟ್ಟಣ ಪೆಪ್ಪರ್‌ಮಿಂಟು, ಅವನ ಓದುವ ಕನ್ನಡಕ.

ನಿನ್ನೆ ಅವನು ಹೋದ ಮೇಲೆ ಹೊಟ್ಟು ಗುಡಿಸಿ
ಎಣ್ಣೆ ಕುಡಿದ ಹಲಗೆಯ ಮೇಲೆ ಅಂಗೈ ಇಟ್ಟೆ.
ಯಾಕೋ ಬಡಿದೆ: ಪಟ್, ಪಟ್, ತಿರುಗಿಸಿ, ಪಟ್.
ಭುಜ ಮೇಲೇಳಲಿಲ್ಲ.
ಮರದ ಒಳಗೆಲ್ಲೋ
ಖಾಲಿ ಅಂಗಳದಲ್ಲಿ ಚೆಂಡು ಪುಟಿದ ಸದ್ದು.
ಎರಡನೆಯ ಡ್ರಾಯರು
ತಾನಾಗಿ ಒಂದಂಗುಲ ತೆರೆದುಕೊಂಡಿತು.